ಮೂಕವಾಗಿದ್ದ ಹಳೆಯ ಡೆಸ್ಕ್‌ಟಾಪ್ ಮತ್ತು ಕಾರವಾರದ ಒಂದು ರಿಪೇರಿ ಅಂಗಡಿ

ಕಾರವಾರದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಮಹಡಿಯ ಮೇಲಿರುವ ಈ ಕಂಪ್ಯೂಟರ್ ಅಂಗಡಿಗೆ ನಾನು ಹೋದದ್ದು, ಬೇರೊಂದು ಕಡೆ ‘ಮದರ್‌ಬೋರ್ಡೇ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂಬ ಮಾತು ಕೇಳಿಸಿಕೊಂಡ ಮೇಲೆ. ವಿಂಡೋಸ್ 7 ಇದ್ದಾಗ ಕೊಂಡು, ಮುಂದೆ ವಿಂಡೋಸ್ 10 ಹಾಕಿಸಿಕೊಂಡಿದ್ದ ನನ್ನ ಡೆಸ್ಕ್‌ಟಾಪ್, ಒಂದು ಅಪ್‌ಡೇಟ್ ಆದ ಮರುದಿನದಿಂದ ಸದ್ದೇ ಮಾಡುತ್ತಿರಲಿಲ್ಲ. ಸ್ಪೀಕರ್ ಚಿಹ್ನೆಯ ಮೇಲೆ ಕೆಂಪು ಗುರುತು ಬಿದ್ದಿತ್ತು.

ಅಂಗಡಿಯವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಆಡಿಯೋ ಡ್ರೈವರ್, ಅಂದರೆ ಸದ್ದಿನ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್, ನೋಡಿದರು. ಅಲ್ಲಿಗೇ ನನಗೆ ಅರ್ಧ ಸಮಾಧಾನವಾಯಿತು. ಕಂಪ್ಯೂಟರಿನ ಬಿಡಿಭಾಗಗಳನ್ನು ಪಟ್ಟಿಮಾಡುವ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಹೊತ್ತು ಕುಳಿತಿದ್ದ ಸಾಲಿನ ಹಾರ್ಡ್‌ವೇರ್ ಐಡಿಯನ್ನು ತೆರೆದು, ಅದರಲ್ಲಿದ್ದ ‘10ಇಸಿ’ ಎಂದರೆ ಚಿಪ್ ತಯಾರಿಸುವ ರಿಯಲ್‌ಟೆಕ್ ಕಂಪನಿ, ‘0662’ ಎಂದರೆ ಎಎಲ್‌ಸಿ662 ಚಿಪ್ ಎಂದು ತೋರಿಸಿ, ಚಿಪ್ ತನ್ನ ಗುರುತನ್ನು ಇಷ್ಟು ಸರಿಯಾಗಿ ಹೇಳುತ್ತಿರುವಾಗ ಅದು ಸತ್ತಿದೆ ಎನ್ನಲು ಕಾರಣವಿಲ್ಲ ಎಂದರು. ಬೋರ್ಡ್ ತಯಾರಕರು ಕೊಟ್ಟಿದ್ದ ಕೊನೆಯ ಡ್ರೈವರ್ ವಿಂಡೋಸ್ 7ರದ್ದು. ಆ ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಆದ್ದರಿಂದ ಅದನ್ನು ಹುಡುಕುವ ಗೋಜಿಗೆ ಹೋಗದೆ, ಕೆಟ್ಟ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡುವಾಗ ಅದರ ಸಾಫ್ಟ್‌ವೇರನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕಿ (ಇದನ್ನು ಮರೆತರೆ ಅದೇ ಡ್ರೈವರ್ ಮತ್ತೆ ಬಂದು ಕೂರುತ್ತದೆ), ರೀಸ್ಟಾರ್ಟ್ ಮಾಡಿದರು. ವಿಂಡೋಸ್ ತನ್ನದೇ ಸಾಮಾನ್ಯ ಹೈ ಡೆಫಿನಿಷನ್ ಆಡಿಯೋ ಡ್ರೈವರನ್ನು ಹಾಕಿಕೊಂಡಿತು. ಪರೀಕ್ಷೆಗೆಂದು ನಾನು ಒಯ್ದಿದ್ದ ಯಕ್ಷಗಾನದ ಧ್ವನಿಮುದ್ರಣದಲ್ಲಿ ಚಂಡೆಯ ಪೆಟ್ಟು ಎರಡೂ ಸ್ಪೀಕರ್‌ಗಳಿಂದ ಕೇಳಿತು, ಆದರೆ ಎಡಗಡೆಯದು ಮಾತ್ರ ಕರಕರ ಎನ್ನುತ್ತಿತ್ತು. ಹಿಂಬದಿಯ ಹಸಿರು ಜ್ಯಾಕ್‌ನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಲೋಹದ ಮೇಲೆ ಕಿಲುಬು ಕಟ್ಟಿತ್ತು. ಕಡಲ ಗಾಳಿಯ ಊರಿನಲ್ಲಿ ಕಿಟಕಿ ಪಕ್ಕ ಕಂಪ್ಯೂಟರ್ ಇಟ್ಟ ತಪ್ಪು ನನ್ನದೇ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ಮೇಲೆ ಆ ಕರಕರ ನಿಂತಿತು.

ಮುಂಭಾಗದ ಹೆಡ್‌ಫೋನ್ ಜ್ಯಾಕ್ ಕೊಂಡಂದಿನಿಂದಲೂ ಕೆಲಸ ಮಾಡಿರಲಿಲ್ಲ. ಕ್ಯಾಬಿನೆಟ್ ಬಿಚ್ಚಿದಾಗ ಕಂಡದ್ದಿಷ್ಟು: ಒಂದೇ ಕೇಬಲ್‌ಗೆ ಎರಡು ತುದಿಗಳಿದ್ದು, ಜೋಡಿಸಿದವರು ‘ಎಚ್‌ಡಿ ಆಡಿಯೋ’ ಎಂದು ಬರೆದಿದ್ದ ತುದಿಯನ್ನು ಸುಮ್ಮನೆ ನೇತುಬಿಟ್ಟು, ಹಳೆಯ ಆಡಿಯೋ ಮಾನದಂಡವಾದ ‘ಎಸಿ97’ರ ತುದಿಯನ್ನು ಬೋರ್ಡ್‌ಗೆ ಸಿಕ್ಕಿಸಿದ್ದರು. ಆ ತುದಿಯಲ್ಲಿ ಹೆಡ್‌ಫೋನ್ ಚುಚ್ಚಿದ್ದನ್ನು ಗುರುತಿಸುವ ತಂತಿಯೇ ಇರುವುದಿಲ್ಲ. ತುದಿ ಬದಲಿಸಿದ್ದೇ ತಡ, ಹೆಡ್‌ಫೋನ್‌ನಲ್ಲೂ ಸದ್ದು ಬಂತು.

ತಕರಾರುಗಳೂ ಇವೆ. ಸಂಜೆಗೆ ಕೊಡುತ್ತೇನೆಂದವರು ಮೂರು ದಿನ ತೆಗೆದುಕೊಂಡರು. ಫ್ಯಾನಿನ ಧೂಳನ್ನು ಹೇಳಿದ ಮೇಲೆಯೇ ಊದಿದರು. ಸಾಮಾನ್ಯ ಡ್ರೈವರ್ ಹಾಕಿದರೆ ಸದ್ದಿನ ಏರಿಳಿತ ಹೊಂದಿಸುವ ರಿಯಲ್‌ಟೆಕ್‌ನ ಈಕ್ವಲೈಸರ್ ಇನ್ನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕಿತ್ತು. 400 ರೂಪಾಯಿಯ ಬಿಲ್ಲಿನಲ್ಲಿ ‘ಸರ್ವಿಸ್’ ಎಂಬ ಒಂದೇ ಪದ. ಆದರೆ ಅದೇ ಬಿಲ್ಲಿನ ಹಿಂಬದಿಯಲ್ಲಿ, ಅಪ್‌ಡೇಟ್ ಮತ್ತೆ ಆ ಕೆಟ್ಟ ಡ್ರೈವರನ್ನು ತಂದು ಹಾಕಿದರೆ, ಅದಕ್ಕೆ ಮೊದಲಿದ್ದ ಡ್ರೈವರಿಗೆ ಮರಳಿಸುವ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿ ಎಲ್ಲಿದೆ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದುಕೊಟ್ಟಿದ್ದರು. ಎರಡು ವಾರದ ಬಳಿಕ ಹಾಗೆಯೇ ಆಯಿತು, ಮತ್ತು ಆ ಚೀಟಿ ನೋಡಿಕೊಂಡು ನಾನೇ ಸರಿಮಾಡಿಕೊಂಡೆ.