ಉಪ್ಪು ನೀರಿಗೆ ಜಗ್ಗದ ಗಿಡ ಕೊಟ್ಟ ನರ್ಸರಿ (ಚಾಂಡ್ಲರ್, ಆರಿಜೋನಾ)

ಫೀನಿಕ್ಸ್ ಸುತ್ತಮುತ್ತ ಮನೆ ಮುಂದೆ ಗಿಡ ಹಾಕಿ ಹಾಕಿ ಕಳ್ಕೊಂಡು ಬೇಜಾರಾಗಿರೋರು ಓದ್ಲಿ ಅಂತ ಬರೀತಿದೀನಿ. ಚಾಂಡ್ಲರ್‌ನಲ್ಲಿ ನಮ್ಮನೆ, ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ಬರೀ ಮರುಭೂಮಿ ಗಿಡಗಳನ್ನ ಮಾರೋ ಒಂದು ಸಣ್ಣ ನರ್ಸರಿ ಇದೆ. ಎರಡು ವರ್ಷದ ಹಿಂದೆ ಅಲ್ಲಿ ನಾಲ್ಕು ಸಾಲ್ಟ್‌ಬುಷ್ (ಉಪ್ಪು ಮಣ್ಣಲ್ಲೂ ಬೆಳೆಯೋ ಪೊದೆ ಗಿಡ) ತಗೊಂಡೆ, ಒಂದು ಗ್ಯಾಲನ್ ಕುಂಡ, ಒಂದಕ್ಕೆ 12 ಡಾಲರ್. ನಾಲ್ಕೂ ಬದುಕಿವೆ, ಸೊಂಟ ದಾಟಿ ಬೆಳೆದಿವೆ.

ಅದಕ್ಕೂ ಮುಂಚೆ ಬೇರೆ ಒಬ್ರು ಲ್ಯಾಂಡ್‌ಸ್ಕೇಪಿಂಗ್‌ನವರು ಗುಲಾಬಿ, ನಿಂಬೆ ನೆಟ್ಟು ಡ್ರಿಪ್‌ಗೆ ದಿನಾ ಹತ್ತು ನಿಮಿಷ ಟೈಮರ್ ಇಟ್ಟು ಹೋಗಿದ್ರು. ಒಂದೇ ಬೇಸಿಗೇಲಿ ಎಲೆ ತುದಿ ಕಂದಾಯ್ತು, ಆಮೇಲೆ ಅಂಚಿಂದ ಒಳಗೆ ಸುಟ್ಟ ಹಾಗೆ ಒಣಗ್ತಾ ಬಂತು, ನೀರು ಸಾಲ್ತಿಲ್ಲ ಅನ್ಕೊಂಡು ನಾನು ಎರಡು ನಿಮಿಷ ಜಾಸ್ತಿ ಮಾಡಿದೆ, ಉಪಯೋಗ ಆಗ್ಲಿಲ್ಲ. ಡ್ರಿಪ್ ನೀರು ನಿಲ್ಲೋ ಜಾಗದ ಸುತ್ತ ಮಣ್ಣಲ್ಲಿ ಬಿಳೀ ಬಳೆ ಥರ ಎದ್ದಿತ್ತು. ನಮ್ಮದು ಸಿಂಧನೂರು ಕಡೆ, ತುಂಗಭದ್ರಾ ಕಾಲುವೆ ನೀರು ನಿಂತು ನಿಂತು ಉಪ್ಪೆದ್ದು ಸವಳಾದ ಗದ್ದೆ ನೋಡ್ಕೊಂಡೇ ಬೆಳೆದೋಳು ನಾನು, ಆ ಬಿಳುಪು ನೋಡಿ ಹೊಟ್ಟೆ ಕಿವುಚಿದ ಹಾಗಾಯ್ತು.

ನರ್ಸರಿ ಯಜಮಾನಿಗೆ ಆ ಫೋಟೋ ತೋರಿಸಿದೆ. ಅವರು ಗಿಡ ತೋರಿಸೋಕೆ ಮುಂಚೆ ನೀರಿನ ವಿಷಯ ಮಾತಾಡಿದ್ರು, ನನಗೆ ಇಷ್ಟ ಆಗಿದ್ದೇ ಅದು. ನಮ್ಮ ಕಡೆ ನಲ್ಲಿಗೆ ಬರೋ ನೀರಲ್ಲಿ ಒಂದು ಪಾಲು ಕೊಲರಾಡೋ ನದೀದು, ಆ ನದಿ ನೀರಲ್ಲಿ ಲೀಟರಿಗೆ 600 ಮಿಲಿಗ್ರಾಂ ಮೇಲೆ ಲವಣ ಇರುತ್ತೆ. ಅಂದ್ರೆ ಸಾವಿರ ಲೀಟರ್ ಹಾಯಿಸಿದ್ರೆ ಅರ್ಧ ಕೆಜಿಗಿಂತ ಜಾಸ್ತಿ, ಗಿಡ ನೀರು ಕುಡಿದು ಅದರಲ್ಲಿ ಹೆಚ್ಚುಪಾಲನ್ನ ಬೇರಿನ ಹತ್ರಾನೇ ಬಿಟ್ಟುಬಿಡುತ್ತೆ. ಮಳೆ ತೊಳೀಲಿ ಅನ್ನೋಣ ಅಂದ್ರೆ ಇಲ್ಲಿ ವರ್ಷಕ್ಕೆ ಬೀಳೋದೇ 7 ಇಂಚು.

ಆಮೇಲೆ ಸಾಲ್ಟ್‌ಬುಷ್‌ದೊಂದು ಎಲೆ ಕಿತ್ತು ಕೈಗೆ ಕೊಟ್ರು. ಸಣ್ಣ ಎಲೆ, ಬೂದಿ ಬಳಿದ ಹಾಗಿದೆ, ಹೆಬ್ಬೆರಳಲ್ಲಿ ಉಜ್ಜಿದ್ರೆ ಬೆಳ್ಳಿ ಪುಡಿ ಅಂಟುತ್ತೆ, ಕೆಳಗೆ ಹಸಿರು ಕಾಣುತ್ತೆ. ಕಚ್ಚಿ ನೋಡಿ ಅಂದ್ರು, ನಿಜವಾಗ್ಲೂ ಉಪ್ಪುಪ್ಪು! ಎಲೆ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳ್ಳೆಗಳಿವೆಯಂತೆ, ಹೆಚ್ಚಾದ ಉಪ್ಪನ್ನ ಗಿಡ ಅದರೊಳಗೆ ತುಂಬುತ್ತೆ, ಗುಳ್ಳೆ ಒಡೆದು ಒಣಗಿ ಈ ಬಿಳೀ ಪೊರೆ ಆಗುತ್ತೆ, ಅದೇ ಪೊರೆ ಬಿಸಿಲನ್ನೂ ವಾಪಸ್ ಕಳಿಸುತ್ತೆ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಾಕಿಟ್ರೆ ನೀರು ಬಿಡುತ್ತಲ್ಲ, ಉಪ್ಪು ಮಣ್ಣು ಬೇರಿಗೆ ಮಾಡೋದೂ ಅದೇ ಕೆಲಸ. ಈ ಗಿಡ ತನ್ನ ಜೀವಕೋಶದ ಒಳಗೇ ಉಪ್ಪು ಕೂಡಿಟ್ಕೊಂಡು ಮಣ್ಣಿಗಿಂತ ಜೋರಾಗಿ ನೀರು ಎಳ್ಕೊಳ್ಳುತ್ತೆ.

ಗಿಡ ಗಟ್ಟಿ ಅಂತ ಹೇಗಾದ್ರೂ ನೀರು ಕೊಡಬೇಡಿ ಅಂತ ಅವರೇ ಟೈಮರ್ ಹೇಗಿಡಬೇಕು ಬರೆದು ಕೊಟ್ರು. ದಿನಾ ಹತ್ತು ನಿಮಿಷ ಬಿಟ್ರೆ ಉಪ್ಪು ಮೇಲೇ ಕೂರುತ್ತೆ. ಬೇರು ಬಿಟ್ಟ ಮೇಲೆ ಬೇಸಿಗೇಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ, ಆದ್ರೆ ಎರಡಡಿ ಆಳಕ್ಕೆ ಇಳಿಯೋವರೆಗೂ ಬಿಡಬೇಕು. ಸಾಫ್ಟ್‌ನರ್ (ಗಡಸು ನೀರನ್ನ ಮೆದು ಮಾಡೋ ಯಂತ್ರ) ನೀರು ಬೇಡ, ಅದರಲ್ಲಿ ಸೋಡಿಯಂ ಇರುತ್ತೆ. ಇನ್ನೊಂದು ಮಾತು ನನಗೆ ಹೊಸದು: ತುಂತುರು ಮಳೆ ಬಂದಾಗ ಡ್ರಿಪ್ ಆಫ್ ಮಾಡಬಾರದಂತೆ, ಒದ್ದೆ ಜಾಗದ ಅಂಚಲ್ಲಿ ಕೂತ ಉಪ್ಪನ್ನ ಸಣ್ಣ ಮಳೆ ವಾಪಸ್ ಬೇರಿಗೆ ತಳ್ಳುತ್ತೆ. ಅಪ್ಪನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದ್ರೆ, "ಹೌದವಾ, ಉಪ್ಪು ತೊಳದು ಕೆಳಗ ಇಳಿಸ್ಬೇಕು, ಬಸಿಗಾಲುವೆ ತೆಗಿಯೋದು ಮತ್ಯಾಕ" ಅಂದ್ರು.

ಕೊರತೇನೂ ಇದೆ. ಮಣ್ಣಿನ ಕೆಳಗೆ ಸುಣ್ಣದ ಗಟ್ಟಿ ಪದರ ಇದೆಯಾ ಅಂತ ಅವರು ಕೇಳಲಿಲ್ಲ, ನಮ್ಮಲ್ಲಿ ಇತ್ತು, ಅದನ್ನ ಒಡೆಯದೆ ನೀರು ಇಳೀತಿರ್ಲಿಲ್ಲ, ಹಾರೆ ಹಿಡಿದು ಎರಡು ವಾರಾಂತ್ಯ ಹೋಯ್ತು. ಒಂದು ಕುಂಡದಲ್ಲಿ ಬೇರು ಸುತ್ತಿಕೊಂಡಿತ್ತು, ಬಿಡಿಸಿ ನೆಡಬೇಕಾಯ್ತು. ಡೆಲಿವರಿ ಇಲ್ಲ. ಅದಕ್ಕೇ ಐದಕ್ಕೆ ನಾಲ್ಕೂವರೆ.

ಹೋಗೋರು ಅಕ್ಟೋಬರ್, ನವೆಂಬರಲ್ಲಿ ಹೋಗಿ, ನೆಡೋಕೆ ಅದೇ ಸರಿಯಾದ ಕಾಲ. ನಿಮ್ಮ ಮಣ್ಣಿಂದು, ಒಣಗಿದ ಎಲೇದು ಫೋಟೋ ತಗೊಂಡು ಹೋಗಿ.