ಟರ್ಬೊ ಕೂರಿಸೋ ಮುಂಚೆ ಆರ್‌ಸಿ ತೆಗೆದು ನೋಡಿ: ನನ್ನ ಎಸ್ಟೀಮ್‌ಗೆ ಆದದ್ದು

ಮೊನ್ನೆ ಮದ್ದೂರಿನ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಹಳೇ ಮಾರುತಿ ಝೆನ್ ಕಾರಿಗೆ ಟರ್ಬೊ, ಅಂದರೆ ಎಂಜಿನ್ ಬಿಡೋ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್ ಒಳಗೆ ಹೆಚ್ಚು ಗಾಳಿ ತುರುಕೋ ಯಂತ್ರ, ಹಾಕಿಸ್ತಾ ಇದ್ದಾನಂತೆ, ಮಾರನೇ ದಿನವೇ ಸೈಲೆನ್ಸರ್ ಕತ್ತರಿಸೋದಂತೆ. ನಾನು ಅವನಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಮೈಸೂರು, ಮಂಡ್ಯ ಕಡೆ ಎಷ್ಟೋ ಶೆಡ್‌ಗಳಲ್ಲಿ ಈ ಕೆಲಸ ನಡೀತಿದೆ. ದಯವಿಟ್ಟು ಪೂರ್ತಿ ಓದಿ.

ನನ್ನದು 2006ರ ಮಾರುತಿ ಎಸ್ಟೀಮ್ ಕಾರು. ಅಪ್ಪ ಮಂಡ್ಯದಲ್ಲಿ ತೆಗೆದುಕೊಂಡಿದ್ದ ಗಾಡಿ. 1298 ಸಿಸಿ, 85 ಬಿಎಚ್‌ಪಿ, ಹಗುರ ಮೈ. 2020ರ ಲಾಕ್‌ಡೌನ್‌ನಲ್ಲಿ ಕೂರ್ಗಳ್ಳಿಯ ಫ್ಯಾಕ್ಟರಿಗೆ ರಜೆ. ನಾನು ಅಲ್ಲಿ ಮೆಂಟೆನೆನ್ಸ್‌ನಲ್ಲಿರೋನು, ಸ್ಪ್ಯಾನರ್ ಹಿಡಿದು ಬೆಳೆದವನು, ಸುಮ್ಮನೆ ಕೂರೋಕಾಗಲಿಲ್ಲ. ಗುಜರಿಯಲ್ಲಿ ಡೀಸೆಲ್ ಸ್ವಿಫ್ಟ್‌ನ ಟರ್ಬೊ 8,000ಕ್ಕೆ ಸಿಕ್ಕಿತು. ಗೊತ್ತಿರೋ ಒಬ್ಬ ಮೆಕ್ಯಾನಿಕ್ ಜೊತೆಯಾದ. ಟರ್ಬೊದ ಬಿಸಿ ಗಾಳಿ ತಣಿಸೋ ಇಂಟರ್‌ಕೂಲರ್, ಪೆಟ್ರೋಲ್ ಚಿಮ್ಮಿಸೋ ದೊಡ್ಡ ಇಂಜೆಕ್ಟರ್, ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್‌ಗೆ) ಸುಳ್ಳು ಹೇಳೋ ಪಿಗ್ಗಿಬ್ಯಾಕ್ ಪೆಟ್ಟಿಗೆ ಎಲ್ಲ ಸೇರಿ 92,000 ಆಯಿತು. ಕೆಲಸ ಶುರು ಮಾಡೋವಾಗ ಒಂದೇ ಒಂದು ಸಲ ಕೇಳಿದ್ದೆ, ಆರ್‌ಟಿಓದಲ್ಲಿ ತೊಂದರೆ ಆಗಲ್ವಾ ಅಂತ. "ಏನೂ ಆಗಕಿಲ್ಲ ಬುಡಣ್ಣ, ಎಂಜಿನ್ ನಂಬರ್ ಅದೇ, ಸಿಸಿನೂ ಅದೇ. ಪೇಪರ್ ನಾನ್ ನೋಡ್ಕತೀನಿ" ಅಂದ. ನಾನು ನಂಬಿದೆ. ಎಡವಿದ್ದು ಅಲ್ಲೇ.

ಎಂಜಿನ್ ನಂಬರ್ ಬದಲಾಗಲಿಲ್ಲ ಅಂದಮಾತ್ರಕ್ಕೆ ಕಾನೂನು ಸುಮ್ಮನಿರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಮಾಲೀಕ ಮಾಡಿಸಿದ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸಿಎನ್‌ಜಿ ಕಿಟ್‌ಗೆ ಒಪ್ಪಿಗೆ ಸಿಗುತ್ತೆ. ಎಂಜಿನ್ ಹಾಳಾದರೆ ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಕೂರಿಸೋಕೂ ಅನುಮತಿ ಕೇಳಬಹುದು. ಗುಜರಿ ಟರ್ಬೊಗೆ ಯಾವ ಕಿಟಕಿಯಲ್ಲಿ ಅರ್ಜಿ ಹಾಕ್ತೀರಾ? ಇದನ್ನೆಲ್ಲ ನಾನು ಓದಿದ್ದು ಗಾಡಿ ಸುಟ್ಟ ಮೇಲೆ.

ಮೊದಲ ಎರಡು ತಿಂಗಳು ಗಾಡಿ ಹಾರ್ತಾ ಇತ್ತು, ಸುಳ್ಳು ಹೇಳಲ್ಲ. ಆಮೇಲೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ತಗಡಿನ ಡಬ್ಬಕ್ಕೆ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಅದು ನಾಕಿಂಗ್. ಟರ್ಬೊ ಇಲ್ಲದೆ ಓಡೋಕೆ ಅಂತ ಮಾಡಿದ ಎಂಜಿನ್‌ನ ಕಂಪ್ರೆಷನ್, ಅಂದರೆ ಒಳಗಿನ ಮಿಶ್ರಣವನ್ನ ಒತ್ತೋ ಪ್ರಮಾಣ, ಮೊದಲೇ ಜಾಸ್ತಿ ಇರುತ್ತೆ. ಅದರ ಮೇಲೆ ಗಾಳಿ ತುರುಕಿ, ಆಗ ಬಂಕ್‌ನಲ್ಲಿ ಸಿಗ್ತಿದ್ದ ಮಾಮೂಲಿ 91 ಆಕ್ಟೇನ್ ಪೆಟ್ರೋಲ್ ಥರದ್ದು ಹಾಕಿದರೆ ಕಿಡಿ ಹೊತ್ತಿಸಿದ ಉರಿ ಹರಡೋ ಮುಂಚೆ ಉಳಿದ ಮಿಶ್ರಣ ತಾನಾಗೇ ಸಿಡಿಯುತ್ತೆ. ಮೆಕ್ಯಾನಿಕ್ ಪಿಗ್ಗಿಬ್ಯಾಕ್‌ನಲ್ಲಿ ಪೆಟ್ರೋಲ್ ಜಾಸ್ತಿ ಮಾಡಿದ. ಸದ್ದು ನಿಂತಿತು, ಹೊಗೆ ಶುರುವಾಯಿತು.

ಟರ್ಬೊ ಪೈಪ್‌ಗೆ ಜಾಗ ಸಾಲದೆ ಹೊಗೆಯ ವಿಷ ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಗುಜರಿಗೆ ಕೊಟ್ಟಿದ್ದೆವು. ಎಮಿಷನ್ ಟೆಸ್ಟ್‌ಗೆ ಹೋದಾಗ ಕಾರ್ಬನ್ ಮೊನಾಕ್ಸೈಡ್ ಶೇ. 3.8 ತೋರಿಸಿತು. ನನ್ನ ಗಾಡಿಗೆ ಮಿತಿ ಶೇ. 0.5. ಟೆಸ್ಟ್ ಮಾಡೋನು ಮೆಲ್ಲಗೆ, "ಬೇರೆ ಗಾಡಿಗೆ ಪೈಪ್ ಇಟ್ಟು ತೆಕ್ಕೊಡ್ಲಾ ಸಾರ್?" ಅಂದ. ನಾನು ಹೂಂ ಅಂದುಬಿಟ್ಟೆ. ಅದು ತಪ್ಪು. ಆ ಗಾಡಿ ಉಗುಳಿದ ಹೊಗೆ ಕುಡಿದದ್ದು ಹಿಂದೆ ಬೈಕ್‌ನಲ್ಲಿ ಬರ್ತಿದ್ದ ಜನ.

2021ರ ಜನವರಿಯಲ್ಲಿ ಸಂಜೆ ಮಂಡ್ಯದಿಂದ ಮೈಸೂರಿಗೆ ಹೊರಟಿದ್ದೆ, ಪಕ್ಕದಲ್ಲಿ ಭಾವಮೈದ. ಬಾಬುರಾಯನಕೊಪ್ಪಲು ಹತ್ರ ಬಂದಾಗ ಎಣ್ಣೆ ಸುಟ್ಟ ವಾಸನೆ. ಬಾನೆಟ್ ಸಂದಿಯಿಂದ ಬಿಳೀ ಹೊಗೆ, ನೋಡ್ತಿದ್ದ ಹಾಗೇ ಕೆಳಗಡೆ ಹಳದಿ ಬೆಳಕು. "ಭಾವ, ಇಳೀರಿ, ಇಳೀರಿ" ಅಂತ ಅವನು ನನ್ನ ತೋಳು ಹಿಡಿದು ಎಳೆದ. ನಾನು ಬಾನೆಟ್ ಎತ್ತೋಕೆ ಹೋದೆ. ಪಕ್ಕದ ಕಬ್ಬಿನ ಹಾಲಿನ ಅಂಗಡಿಯವರು ಓಡಿ ಬಂದು, "ಪೂರಾ ಎತ್ಬೇಡ ಕಣಪ್ಪ, ಗಾಳಿ ಸಿಕ್ರೆ ಭುಗ್ ಅಂತದೆ, ನೀರೂ ಹಾಕ್ಬೇಡ" ಅಂತ ಕೂಗಿದರು. ರಸ್ತೆ ಬದಿ ಮರಳನ್ನ ಬಾನ್ಲಿಯಲ್ಲಿ ತುಂಬಿ, ಬಾನೆಟ್ ನಾಲ್ಕು ಬೆರಳು ಎತ್ತಿಸಿ ಒಳಗೆ ಎರಚಿದರು. ನೆನೆದ ಗೋಣಿಚೀಲ ಹಿಂಡಿ ಅದರ ಮೇಲೆ ಹೊದಿಸಿದರು. ಬೆಂಕಿ ಪೆಟ್ರೋಲ್ ಪೈಪ್ ಮುಟ್ಟೋ ಮುಂಚೆ ಆರಿತು. ಅವರಿಲ್ಲದಿದ್ದರೆ ಗಾಡಿ ಉಳೀತಿರಲಿಲ್ಲ.

ಕಾರಣ ಒಂದು ಗೇಣು ಉದ್ದದ ಹೋಸ್. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತೆ, ಅದು ನಿಂತಿರೋದೇ ಎಂಜಿನ್ ಆಯಿಲ್ ಮೇಲೆ. ಆ ಆಯಿಲ್ ತರೋ ಕಡೆ ಸ್ಟೀಲ್ ಹೆಣೆದ ಹೋಸ್ ಬೇಕು. ನಮ್ಮವನು ಹಾಕಿದ್ದು ಡೀಸೆಲ್ ಸಾಗಿಸೋ ಸಾದಾ ರಬ್ಬರ್ ಪೈಪ್. ಅದು ಜೋತು ಬಿದ್ದು ಟರ್ಬೈನ್ ಮೈಗೆ ತಾಗಿತ್ತು. ಪೆಟ್ರೋಲ್ ಎಂಜಿನ್‌ನ ಹೊಗೆ ಡೀಸೆಲ್‌ಗಿಂತ ಎಷ್ಟೋ ಹೆಚ್ಚು ಬಿಸಿ. ಜೋರಾಗಿ ಓಡಿಸಿದರೆ ಆ ಕಬ್ಬಿಣ ಕೆಂಪಗೆ ಕಾಯುತ್ತೆ. ಮಧ್ಯೆ ಶಾಖ ತಡೆಯೋ ತಗಡೂ ಇರಲಿಲ್ಲ. ಆ ಹೋಸ್‌ನ ಚೂರು ಇಟ್ಟುಕೊಂಡಿದ್ದೀನಿ. ಒಂದು ತುದಿ ಬೆಲ್ಲದ ಪಾಕದ ಹಾಗೆ ಕರಗಿ, ಎಳೆ ಎಳೆಯಾಗಿ ಗಟ್ಟಿಯಾಗಿದೆ. ಎಂಜಿನ್ ಬಿಚ್ಚಿದಾಗ ಕೆಳಗಿನ ಆಯಿಲ್ ಸಂಪ್‌ನಲ್ಲಿ ಉಗುರಿನಷ್ಟು ಅಲ್ಯೂಮಿನಿಯಂ ತುಣುಕು ಸಿಕ್ಕಿತು. ಮೂರನೇ ಪಿಸ್ಟನ್‌ನ ರಿಂಗ್ ಕೂರೋ ಅಂಚು ಮುರಿದಿತ್ತು, ನಾಕಿಂಗ್ ಮಾಡಿದ ಕೆಲಸ. ಬೆಂಕಿ ಬೀಳದಿದ್ದರೂ ಎಂಜಿನ್ ಹೋಗ್ತಿತ್ತು.

ಗಾಡಿ ಹಳೇದಾದರೂ ಅಪ್ಪ ಪ್ರತಿ ವರ್ಷ ಫುಲ್ ಇನ್ಶೂರೆನ್ಸ್ ಕಟ್ಟುತ್ತಿದ್ದರು. ಸರ್ವೇಯರ್ ಬಂದು ಬಗ್ಗಿ ನೋಡಿ ಟರ್ಬೊದ ಫೋಟೊ ತೆಗೆದರು. "ಇದನ್ನ ನಮಗೆ ತಿಳಿಸಿದ್ರಾ?" ಅಂತ ಒಂದೇ ಪ್ರಶ್ನೆ. ಕ್ಲೇಮ್ ತಿರಸ್ಕಾರ ಆಯಿತು. ಪತ್ರ ಓದಿದ ಅಪ್ಪ ನನಗೆ ಬೈಯಲಿಲ್ಲ, ಮಡಚಿ ದೇವರ ಮನೆ ಗೂಡಿನಲ್ಲಿಟ್ಟರು. ಅಂದಿನ ಆ ಮೌನ ನನಗೆ ಇನ್ನೂ ಮರೆತಿಲ್ಲ.

ಅದೇ ವರ್ಷ ಗಾಡಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಣ ಬಂತು. ಎಂಜಿನ್‌ಗೆ ಬೋರ್ ಕೆಲಸ ಮಾಡಿಸಿ, ಟರ್ಬೊ ಸಮೇತವೇ ಆರ್‌ಟಿಓಗೆ ತೆಗೆದುಕೊಂಡು ಹೋದೆ, ಇನ್ನೂ ಬುದ್ಧಿ ಬಂದಿರಲಿಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ, "ಕಂಪನಿಯಿಂದ ಹೆಂಗೆ ಬಂದಿತ್ತೋ ಹಂಗೆ ಮಾಡ್ಕೊಂಡು ಬನ್ನಿ" ಅಂದರು, ಅಷ್ಟೇ. ಅವರು ಹೇಳಿದ್ದು ಸರಿ. ಆದರೆ ಎಂಜಿನ್‌ನಿಂದ ಹೊಗೆ ಹೊರಗೆ ಒಯ್ಯೋ ಒರಿಜಿನಲ್ ಮ್ಯಾನಿಫೋಲ್ಡ್ ಎಲ್ಲಿತ್ತು? 300 ರೂಪಾಯಿಗೆ ತೂಕಕ್ಕೆ ಹಾಕಿದ್ದೆ. ಎಸ್ಟೀಮ್ ತಯಾರಿಕೆ ನಿಂತು ಎಷ್ಟೋ ವರ್ಷ ಆಗಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿಗಳಲ್ಲಿ ಮೂರು ಭಾನುವಾರ ಅಲೆದ ಮೇಲೆ ಮ್ಯಾನಿಫೋಲ್ಡ್, ಇಂಜೆಕ್ಟರ್ ಸಿಕ್ಕವು, ಕನ್ವರ್ಟರ್ ಹೊಸದೇ ಹಾಕಿಸಿದೆ. ಪೇಪರ್ ನೋಡ್ಕತೀನಿ ಅಂದಿದ್ದವನು ಅಷ್ಟು ದಿನದಲ್ಲಿ ಒಂದು ಸಲವೂ ಫೋನ್ ಎತ್ತಲಿಲ್ಲ.

ಟರ್ಬೊ ಓಡಿಸೋ ಆಸೆ ತಪ್ಪಲ್ಲ, ನನಗೆ ಈಗಲೂ ಇದೆ. ಫ್ಯಾಕ್ಟರಿಯಿಂದಲೇ ಟರ್ಬೊ ಪೆಟ್ರೋಲ್ ಎಂಜಿನ್ ಬಂದಿರೋ ಸೆಕೆಂಡ್ ಹ್ಯಾಂಡ್ ನೆಕ್ಸಾನ್, ಬಲೆನೊ ಆರ್‌ಎಸ್, ಪೋಲೊ ಜಿಟಿ ನೋಡಿ. ಅದರ ಪಿಸ್ಟನ್, ಆಯಿಲ್ ದಾರಿ, ಇಸಿಯು ಎಲ್ಲ ಅದಕ್ಕೇ ಅಂತ ಮಾಡಿದ್ದು, ಆರ್‌ಸಿಯೂ ಅದರದ್ದೇ. ಕೈಯಿಂದಲೇ ಕಟ್ಟಬೇಕು ಅನ್ನೋರು ರಸ್ತೆ ಮರೆತು, ಗಾಡಿಯನ್ನ ಲಾರಿಯಲ್ಲಿ ಹಾಕಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಹೋಗೋ ಲೆಕ್ಕದಲ್ಲಿ ಕಟ್ಟಿ. ಈಗಾಗಲೇ ಬಿಚ್ಚಿ ಹಾಕಿದ್ದರೆ ಕಂಪನಿಯ ಒಂದು ಬೋಲ್ಟನ್ನೂ ಗುಜರಿಗೆ ಕೊಡಬೇಡಿ, ಚೀಟಿ ಅಂಟಿಸಿ ಮೂಟೆ ಕಟ್ಟಿಡಿ.

ಮದ್ದೂರಿನ ಹುಡುಗ ಭಾನುವಾರ ಬರ್ತಾನೆ, ಸೈಲೆನ್ಸರ್ ಇನ್ನೂ ಕತ್ತರಿಸಿಲ್ಲವಂತೆ. ಕರಗಿದ ಆ ಹೋಸ್ ಚೂರನ್ನ ಮೇಜಿನ ಮೇಲೆ ತೆಗೆದಿಟ್ಟಿದ್ದೀನಿ.