"ಇಂಟರ್ನೆಟ್ ಸಮೇತ ಆಫೀಸ್ ಬಾಡಿಗೆಗೆ" ಎಂದರೆ ಮೊದಲು ವೈರ್ ಎಲ್ಲಿಂದ ಬಂದಿದೆ ನೋಡಿ

ಬೆಂಗಳೂರಿನ ರಾಜಾಜಿನಗರದ ಕಡೆ ಸಣ್ಣ ಆಫೀಸ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಜಿಎಸ್‌ಟಿ, ಅಕೌಂಟ್ಸ್ ಕೆಲಸ. ಅಲ್ಲೊಂದು ಬಿಲ್ಡಿಂಗ್‌ನಲ್ಲಿ ಆಫೀಸ್ ಹಿಡಿದಿದ್ದೆವು. ಬಾಡಿಗೆ ಅಲ್ಲದೆ ಇಂಟರ್ನೆಟ್ಟಿಗೇ ತಿಂಗಳಿಗೆ 2,500 ರೂಪಾಯಿ ಬೇರೆ. "100 ಎಂಬಿಪಿಎಸ್ ಸರ್, ನಿಮಗೇ ಡೆಡಿಕೇಟೆಡ್ ಲೈನ್" ಎಂದರು ಮ್ಯಾನೇಜರ್. ಭಾನುವಾರ ಬೆಳಿಗ್ಗೆ ಕರೆಸಿ ಸ್ಪೀಡ್ ಟೆಸ್ಟ್ ತೋರಿಸಿದರು. 94 ಬಂತು. ಬರದೆ ಇನ್ನೇನು? ಅವತ್ತು ಇಡೀ ಬಿಲ್ಡಿಂಗ್‌ನಲ್ಲಿ ಯಾರೂ ಇರಲಿಲ್ಲ!

ತಿಂಗಳ ಮೊದಲೆರಡು ವಾರ ಹೇಗೋ ಓಡುತ್ತಿತ್ತು. 18, 19ನೇ ತಾರೀಖು ಬಂತೆಂದರೆ ತೆವಳುತ್ತಿತ್ತು. 20ರೊಳಗೆ 3ಬಿ, ಅಂದರೆ ಜಿಎಸ್‌ಟಿಯ ತಿಂಗಳ ರಿಟರ್ನ್, ಫೈಲ್ ಮಾಡಬೇಕು, ಗೊತ್ತಲ್ವಾ. ಒಟಿಪಿ ಮೊಬೈಲಿಗೆ ಬಂದಿರುತ್ತದೆ, ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ, ಆಮೇಲೆ ಲಾಗೌಟ್. ಮತ್ತೆ ಮೊದಲಿಂದ. ಕ್ಲೈಂಟ್ ಎದುರಿಗೇ ಕೂತು ಗಡಿಯಾರ ನೋಡುತ್ತಿದ್ದರು. ನನಗೆ ತಲೆ ಎತ್ತಲು ಆಗಲಿಲ್ಲ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ಇದನ್ನು ಯಾವ ಮುಖ ಇಟ್ಟುಕೊಂಡು ಅವರ ಹತ್ತಿರ ಕೇಳುವುದು? ಕೊನೆಗೆ ನಮ್ಮ ಹುಡುಗಿಯ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಫೈಲ್ ಆಯಿತು.

ಮ್ಯಾನೇಜರ್‌ಗೆ ಫೋನ್ ಮಾಡಿದರೆ ಉತ್ತರ ಹೀಗೆ. "ರೂಟರ್ ಆಫ್ ಮಾಡಿ ಆನ್ ಮಾಡಿ ಸರ್." "ನಿಮ್ಮ ಕಂಪ್ಯೂಟರ್ ಹಳೇದು ಸರ್." "ಜಿಎಸ್‌ಟಿ ಸೈಟೇ ಸ್ಲೋ, ನಾವೇನು ಮಾಡೋಣ?" ಮುಂದಿನ ತಿಂಗಳು ಅದೇ ಕಥೆ, ಅದೇ ಉತ್ತರ.

ಗುಟ್ಟು ರಟ್ಟಾಗಿದ್ದು ಒಂದು ಚಲನ್ ಪ್ರಿಂಟ್ ತೆಗೆಯುವಾಗ. ಪ್ರಿಂಟರ್ ಪಟ್ಟಿಯಲ್ಲಿ ನಮ್ಮದಲ್ಲದ ಹೆಸರುಗಳು. ಒಂದು ಮೇಲಿನ ಮಹಡಿಯ ಡಿಸೈನ್ ಆಫೀಸಿನವರದು, ಇನ್ನೊಂದು ಪಕ್ಕದ ಟ್ರಾವೆಲ್ಸ್‌ನವರದು. ಡೆಡಿಕೇಟೆಡ್ ಲೈನಿನಲ್ಲಿ ಟ್ರಾವೆಲ್ಸ್‌ನವರ ಪ್ರಿಂಟರ್ ಹೇಗೆ ಬಂತು? ಪರಿಚಯದ ನೆಟ್‌ವರ್ಕಿಂಗ್ ಹುಡುಗನನ್ನು ಕರೆಸಿದೆ. ಮೆಟ್ಟಿಲ ಕೆಳಗಿನ ಬಾಕ್ಸ್ ತೆಗೆದ. ಒಳಗೆ ಒಂದೇ ಒಂದು ಹಳದಿ ಫೈಬರ್ ವೈರ್, ಒಂದು ಮನೆ ಬಳಕೆಯ ರೂಟರ್, ಅದರಿಂದ ಧೂಳು ಹಿಡಿದ ಸ್ವಿಚ್ (ಒಂದು ಲೈನನ್ನು ಹಲವು ಕಡೆ ಹಂಚುವ ಡಬ್ಬಿ), ಸ್ವಿಚ್‌ನಿಂದ ಎಲ್ಲಾ ಆಫೀಸಿಗೂ ನೀಲಿ ವೈರ್. ನಾವು, ಟ್ರಾವೆಲ್ಸ್, ಡಿಸೈನ್, ಟ್ಯೂಷನ್ ಸೆಂಟರ್, ಬಿಲ್ಡಿಂಗ್ ಕ್ಯಾಮೆರಾ, ಎಲ್ಲಾ ಅದರಲ್ಲೇ. ಕನೆಕ್ಷನ್ ಓನರ್ ಮಗನ ಹೆಸರಲ್ಲಿ, ಅದೂ ಮನೆ ಪ್ಲಾನ್. ತಿಂಗಳಿಗೆ 3,300 ಜಿಬಿ ಮುಗಿದರೆ ಸ್ಪೀಡ್ ಇಳಿಸುತ್ತಾರೆ. 20ನೇ ತಾರೀಖಿಗೇ ಯಾಕೆ ಸಾಯುತ್ತಿತ್ತು ಎಂದು ಆಗ ಗೊತ್ತಾಯಿತು. ಒಂದು ಬಿಲ್ ಕಟ್ಟಿ ಪ್ರತಿ ಆಫೀಸಿನಿಂದಲೂ ದುಡ್ಡು ಎತ್ತುತ್ತಿದ್ದರು!

ಕೇಳಿದ್ದಕ್ಕೆ ಮ್ಯಾನೇಜರ್ ಹೇಳಿದ್ದು, "ಡೆಡಿಕೇಟೆಡ್ ವೈರೇ ಅಲ್ವಾ ಸರ್, ನಿಮ್ಮ ರೂಮಿಗೆ ಬೇರೆ ವೈರ್ ಎಳೆದಿದ್ದೀವಲ್ಲ." ನನಗೆ ಮೈ ಉರಿದುಹೋಯಿತು. ಓನರ್ ಅಂತೂ "ಎಲ್ಲಾ ಬಿಲ್ಡಿಂಗಲ್ಲೂ ಹೀಗೇ, ಇಷ್ಟ ಇಲ್ಲದಿದ್ದರೆ ಖಾಲಿ ಮಾಡಿ" ಎಂದರು.

ಸ್ಪೀಡ್ ಹೋಗಲಿ. ನಮ್ಮ ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವ ಫೋಲ್ಡರ್ ಆಫೀಸಿನ ಒಳಗೆ ಶೇರ್ ಆಗಿತ್ತು. ಅವರ ಪ್ರಿಂಟರ್ ನಮಗೆ ಕಾಣುತ್ತದೆ ಎಂದರೆ ನಮ್ಮ ಫೋಲ್ಡರ್ ಅವರಿಗೂ ಕಾಣುತ್ತಿತ್ತು. ಆ ಹುಡುಗ ಪಕ್ಕದ ಆಫೀಸಿನಲ್ಲಿ ಕೂತು ತೆರೆದು ತೋರಿಸಿದ. ಜನ ನಂಬಿ ಕೊಟ್ಟ ಕಾಗದ ಪತ್ರ ಅವು. ಇದಕ್ಕೆ ಮಾತ್ರ ನಾನು ಇವರನ್ನು ಕ್ಷಮಿಸುವುದಿಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಆ ಬಾಕ್ಸ್ ತೆಗೆಸಿ ನೋಡಿ. ತೆಗೆಯಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಸ್ಪೀಡ್ ಟೆಸ್ಟ್ ಕೆಲಸದ ದಿನ ಮಧ್ಯಾಹ್ನ ಮಾಡಿ, ಭಾನುವಾರ ಅಲ್ಲ. ಆದಷ್ಟು ಕಂಪನಿಯಿಂದ ನೇರವಾಗಿ, ನಿಮ್ಮ ಹೆಸರಿಗೇ ಬಿಲ್ ಬರುವ ಕನೆಕ್ಷನ್ ಹಾಕಿಸಿಕೊಳ್ಳಿ. ಹಂಚಿಕೊಳ್ಳಲೇಬೇಕೆಂದರೆ ಪ್ರತಿ ಆಫೀಸನ್ನೂ ಬೇರೆ ವಿಲ್ಯಾನ್‌ನಲ್ಲಿ (ಒಂದೇ ಲೈನಿನಲ್ಲಿದ್ದರೂ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಬೇರೆ ಮಾಡುವ ವ್ಯವಸ್ಥೆ) ಇಟ್ಟಿದ್ದಾರಾ ಎಂದು ತಿಳಿದವರಿಂದ ನೋಡಿಸಿ. ಬಾಯಿ ಮಾತು ಬೇಡವೇ ಬೇಡ, ಎಲ್ಲಾ ಅಗ್ರಿಮೆಂಟ್‌ನಲ್ಲಿ ಬರೆಸಿ.

ನಾವು ಖಾಲಿ ಮಾಡಿದ್ದೇವೆ. ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. "ಪೇಂಟಿಂಗ್ ಖರ್ಚು ಇದೆ" ಅನ್ನುತ್ತಿದ್ದಾರೆ. ಬಾಕ್ಸಿನ ಫೋಟೊ ನನ್ನ ಹತ್ತಿರ ಇದೆ, ಆ ಕಡೆ ಆಫೀಸ್ ನೋಡುತ್ತಿರುವವರು ಕೇಳಿದರೆ ಕಳಿಸುತ್ತೇನೆ.